ಎಡಗಾಲಿನ ಎಣ್ಣೆ

ಇಷ್ಟೆಲ್ಲ ರಗಳೆಗೆ ಮೂಲ ಒಂದು ತೊಟ್ಟು ಎಣ್ಣೆ. ಅದು ಬಿದ್ದದ್ದಾದರೂ ಎಲ್ಲಿ? ಹೆಂಡತಿ ಆಗಷ್ಟೇ ತೊಳೆದು ಒರೆಸಿದ್ದ ಬಾಗಿಲ ಮುಂದಿನ ಹಾಸುಗಲ್ಲಿನ ಮೇಲೆ.

“ರೀ, ಬನ್ನಿ ಇಲ್ಲಿ! ನಿಮ್ಮ ಮುದ್ದಿನ ಬೈಕು ಮತ್ತೆ ಗಲೀಜು ಮಾಡಿದೆ.”

ಹಲ್ಲುಜ್ಜುತ್ತಿದ್ದವನು ಬಾಯಲ್ಲಿ ಬ್ರಷ್ ಕಚ್ಚಿಕೊಂಡೇ ಓಡಿಬಂದು ಬಗ್ಗಿ ನೋಡಿದ. ಬೈಕಿನ ಮುಂದಿನ ಚಕ್ರವನ್ನು ಎರಡು ಕಡೆಯಿಂದ ಹಿಡಿದು ನಿಂತಿರುವ ಎರಡು ಕಾಲುಗಳಿವೆಯಲ್ಲ, ಫೋರ್ಕು ಅನ್ನುತ್ತಾರೆ, ಅದರ ಎಡಗಾಲಿನ ಹೊಳೆಯುವ ಕೊಳವೆಯ ಸುತ್ತ ಎಣ್ಣೆಯ ಒಂದು ಉಂಗುರ. ಉಂಗುರದಿಂದ ಒಂದು ಗೆರೆ ಕೆಳಗಿಳಿದು, ಅದರ ತುದಿಯಲ್ಲಿ ಇನ್ನೊಂದು ತೊಟ್ಟು ಬೀಳಲೋ ಬೇಡವೋ ಎಂದು ತೂಗಾಡುತ್ತಿತ್ತು. ಬೆರಳಲ್ಲಿ ಮುಟ್ಟಿ ಬೆಳಕಿಗೆ ಹಿಡಿದ. ನೀರಿನಷ್ಟು ತಿಳಿಯಾಗಿತ್ತು. ಬಲಗಾಲು ಮಾತ್ರ ಒಣಗಿಕೊಂಡು ಮರ್ಯಾದೆಯಿಂದ ನಿಂತಿತ್ತು.

“ಎಣ್ಣೆ ತಡೆಯೋ ಸೀಲ್ ಹೋಗಿದೆ,” ಎಂದ, ಬ್ರಷ್ ತೆಗೆದು.

“ಮೂರು ದಿನದಿಂದ ಅದನ್ನೇ ಹೇಳ್ತಿದ್ದೀರಿ. ಮೆಕ್ಯಾನಿಕ್‌ಗೆ ಕೊಡಿ ಅಂದ್ರೆ ಕೇಳಲ್ಲ.”

“ಕೇಳಿದೆ ಕಣೇ. ಗುರುವಾರ ತಗೊಂಬನ್ನಿ ಅಂದ.”

ಅವನ ಕಸುಬು ಕನ್ನಡಕದ್ದು. ಮುಖ್ಯ ರಸ್ತೆಯ ಮೂಲೆಯಲ್ಲಿ, ಮೂರು ಜನ ಒಳಗೆ ಬಂದರೆ ನಾಲ್ಕನೆಯವನು ಬೀದಿಯಲ್ಲೇ ನಿಲ್ಲಬೇಕಾದಷ್ಟು ಚಿಕ್ಕ ಅಂಗಡಿ. ದಿನವಿಡೀ “ಇದು ಕಾಣುತ್ತಾ? ಈಗ? ಈಗ?” ಎಂದು ಕೇಳುತ್ತ, ಸಾಸಿವೆ ಕಾಳಿನಷ್ಟು ಸ್ಕ್ರೂಗಳನ್ನು ತಿರುಗಿಸುತ್ತ ಬದುಕುವ ಮನುಷ್ಯ. ಬೀದಿಯವರಿಗೆಲ್ಲ ಅವನು ‘ಕನ್ನಡಕದವನು’. ಅಂಥವನ ಬಾಳಿನಲ್ಲಿ ಜನ ತಿರುಗಿ ನೋಡುವಂಥದ್ದು ಏನಾದರೂ ಇದ್ದರೆ ಅದು ಈ ಹಳೆಯ ಬೈಕು ಮಾತ್ರ. ಅದರ ಗುಡುಗುಡು ಸದ್ದು ಬೀದಿಯ ತಿರುವಿನಲ್ಲಿ ಕೇಳಿದರೆ ಅಂಗಡಿಗಳ ಮುಂದೆ ಕೂತ ಮುದುಕರೆಲ್ಲ ಕತ್ತೆತ್ತುತ್ತಿದ್ದರು. ಆ ಕ್ಷಣಕ್ಕಾಗಿ ಅವನು ದಿನಾ ಬೇಕೆಂದೇ ಸುತ್ತು ದಾರಿಯಲ್ಲಿ ಬರುತ್ತಿದ್ದ.

ತೊಡಕೆಂದರೆ, ಬೈಕು ಅವನದಲ್ಲ, ಮಾವನದು. ಮೊಣಕಾಲು ನೋವು ಶುರುವಾದ ಮೇಲೆ ಮಾವ ಅದನ್ನು ಕಿರಿಯಳಿಯನ ಮನೆಯಲ್ಲಿ ತಂದು ನಿಲ್ಲಿಸಿ, “ಕೊಟ್ಟಿಲ್ಲ, ಇಟ್ಕೊಂಡಿರಿ ಅಂತ ಹೇಳ್ತಿದ್ದೀನಿ” ಎಂದು ಒತ್ತಿ ಹೇಳಿ ಹೋಗಿದ್ದರು. ಅಂದಿನಿಂದ ಷಡ್ಡಕನ ಕಣ್ಣು ಅದರ ಮೇಲೆ. ಹೆಂಡತಿಯ ಅಕ್ಕನ ಗಂಡ, ಕಾರ್ಖಾನೆಯಲ್ಲಿ ಸೂಪರ್‌ವೈಸರು. ಎದುರು ಸಿಕ್ಕಾಗಲೆಲ್ಲ ಬೈಕಿನ ಸುತ್ತ ಒಂದು ಸುತ್ತು ಬಂದು, “ನನ್ನ ಹತ್ರ ಇದ್ದಿದ್ರೆ ಇದು ಕನ್ನಡಿ ಹಾಗಿರ್ತಿತ್ತು” ಎಂದು ನಿಟ್ಟುಸಿರು ಬಿಡುತ್ತಿದ್ದ.

ಬ್ರಷ್ ಇನ್ನೂ ಕೈಯಲ್ಲಿರುವಾಗಲೇ ಫೋನು ಬಂತು. ಮಾವ.

“ಅಳಿಯಂದ್ರೇ, ಸಂಜೆ ಬರ್ತಾ ಇದ್ದೀನಿ. ಬೈಕು ಯಾರಿಗೆ ಅನ್ನೋದನ್ನ ಇವತ್ತು ತೀರ್ಮಾನ ಮಾಡಿಬಿಡ್ತೀನಿ. ದೊಡ್ಡಳಿಯಂದ್ರು ಒಂದೇ ಸಮ ಕೇಳ್ತಾ ಇದ್ದಾರೆ, ಸಾಕಾಗಿದೆ ನನಗೆ.”

“ಬನ್ನಿ ಮಾವ, ಅದಕ್ಕೇನಂತೆ,” ಎಂದ ಅವನು.  ಬೈಕಿಗೆ ಒಂದು ಗೀರು ಬೀಳಲು ಬಿಟ್ಟವರಲ್ಲ ಆ ಮನುಷ್ಯ. ಎಣ್ಣೆ ಸೋರುವ ಫೋರ್ಕು ಕಂಡರೆ ಕೀಲಿ ಕಿತ್ತುಕೊಂಡು ಸೀದಾ ಷಡ್ಡಕನ ಮನೆಗೆ ಹೊರಡುವುದು ಖಂಡಿತ.

“ನಾನೇ ಬಿಚ್ಚಿ ಸೀಲ್ ಹಾಕ್ತೀನಿ,” ಎಂದು ಘೋಷಿಸಿದ.

“ನೀವಾ?” ಎಂದಳು ಹೆಂಡತಿ.

“ಏನು ನೀವಾ? ದಿನಾ ಕನ್ನಡಕದ ಕಾಲು ಬಿಚ್ಚಿ ಹಾಕೋನಿಗೆ ಬೈಕಿನ ಕಾಲು ಯಾವ ಲೆಕ್ಕ? ಇದಕ್ಕೂ ಎರಡೇ, ಅದಕ್ಕೂ ಎರಡೇ.”

ಅವಳು ಒಳಗೆ ಹೋಗಿ, ಒಗೆದ ಬಟ್ಟೆಯ ಬಕೆಟ್ಟನ್ನು ಅವನಿಂದ ದೂರ ಎತ್ತಿಟ್ಟಳು.

ಬಿಡಿಭಾಗದ ಅಂಗಡಿಯವನು ಸೀಲು ಕೊಡುತ್ತ ಬುದ್ಧಿಮಾತನ್ನೂ ಸೇರಿಸಿ ಕೊಟ್ಟ. “ಎರಡೂ ಕಡೆ ಹಾಕ್ಬಿಡಿ ಸಾರ್. ಒಂದು ಕಾಲಿಗೆ ಹೊಸ ಚಪ್ಪಲಿ, ಇನ್ನೊಂದಕ್ಕೆ ಹಳೇದು ಹಾಕ್ಕೊಂಡು ಯಾರಾದ್ರೂ ಓಡಾಡ್ತಾರಾ? ತಗೊಳ್ಳಿ, ಈ ಎರಡು ತಾಮ್ರದ ವಾಷರ್ರೂ ಇಟ್ಕೊಳ್ಳಿ. ಕೆಳಗಿನ ಬೋಲ್ಟಿಗೆ ಹಾಕದೇ ಇದ್ರೆ ಅಲ್ಲಿಂದ ಸೋರುತ್ತೆ, ಮರೀಬೇಡಿ.”

“ಮರೆಯೋ ಮಾತೇ ಇಲ್ಲ,” ಎಂದು ಅವನು ವಾಷರ್ ಎರಡನ್ನೂ ಅಂಗಿಯ ಜೇಬಿಗೆ ಹಾಕಿಕೊಂಡ. ಹೀಗೆ ಯಾವ ತಪ್ಪೂ ಮಾಡದ ಬಲಗಾಲಿಗೂ ಶಿಕ್ಷೆ ಬರೆದಾಯಿತು.

ಬೈಕು ನಿಲ್ಲುವ ಜಾಗ ಮನೆಯ ಮುಂದಿನ ಪುಟ್ಟ ಅಂಗಳದಲ್ಲಿ, ಮೇಲಿನ ಮನೆಯ ಹಲಗೆ ಬಾಲ್ಕನಿಯ ನೆರಳಲ್ಲಿ. ಮೇಲಿನ ಮನೆಯವಳು ಬಟ್ಟೆ ಹೊಲಿಯುವ ಹೆಂಗಸು, ಎಲ್ಲರಿಗೂ ‘ಟೈಲರಕ್ಕ’. ಒಳಗೆ ಬೆಳಕು ಸಾಲದೆಂದು ಹೋದ ವಾರ ಹೊಲಿಗೆ ಯಂತ್ರವನ್ನು ಬಾಲ್ಕನಿಗೆ ತಂದು ಹಾಕಿಕೊಂಡಿದ್ದಳು. ಬೆಳಕಿನ ಜೊತೆಗೆ ಬೀದಿಯ ಸುದ್ದಿಯೂ ಬೇಕಾದಷ್ಟು ಸಿಗುತ್ತಿತ್ತು.

ಮುಂದಿನ ಚಕ್ರ ಬಿಚ್ಚಬೇಕೆಂದರೆ ಬೈಕಿನ ಮೂತಿ ನೆಲ ಬಿಟ್ಟು ಮೇಲೇಳಬೇಕು. ಅವನು ಬಟ್ಟೆ ಒಣಹಾಕುವ ಹಗ್ಗವನ್ನು ಬಿಚ್ಚಿ ಹ್ಯಾಂಡಲ್ಲಿಗೆ ಸುತ್ತಿ, ಬಾಲ್ಕನಿಯ ತೊಲೆಗೆ ಬಿಗಿದು ಎಳೆದ. ಹಗ್ಗ ಹೋದ ಮೇಲೆ ಹೆಂಡತಿ ಒದ್ದೆ ಹಾಸಿಗೆ ಬಟ್ಟೆಗಳನ್ನು ಗೊಣಗುತ್ತ ಪಕ್ಕದ ಮನೆಯ ಮೋಟುಗೋಡೆಯ ಮೇಲೆ ಹರಡಿದಳು.

ಆ ಗೋಡೆಯಾಚೆಗಿದ್ದವರು ನಿವೃತ್ತ ಬಸ್ ಕಂಡಕ್ಟರು. ಕಬ್ಬಿಣಕ್ಕೆ ಕಬ್ಬಿಣ ತಗುಲಿದ ಸದ್ದು ಕೇಳಿದ್ದೇ ತಡ, ಹಾಸಿಗೆ ಬಟ್ಟೆಯ ನಡುವಿನಿಂದ ಅವರ ತಲೆ ಎದ್ದಿತು.

“ಏನ್ ಕನ್ನಡಕದವ್ರೇ, ಬೈಕನ್ನ ನೇಣಿಗೆ ಹಾಕಿದ್ದೀರಲ್ಲ!”

“ಫೋರ್ಕ್ ಸೀಲು ಬದಲಾಯಿಸ್ತಿದ್ದೀನಿ ಕಂಡಕ್ಟ್ರೇ. ಸಣ್ಣ ಕೆಲಸ.”

“ಒಬ್ರೇನಾ? ಬಂದೆ ಇರಿ.”

ಬೇಡ ಎನ್ನುವಷ್ಟರಲ್ಲಿ ಬಂದೇಬಿಟ್ಟರು. ಜೀವಮಾನವಿಡೀ ಬೇರೆಯವರು ಓಡಿಸುವ ಬಸ್ಸಿಗೆ ‘ರೈಟ್’ ‘ಹೋಲ್ಡಾನ್’ ಹೇಳಿ ರೂಢಿಯಾದವರು. ತಮ್ಮ ಕೈಯಲ್ಲಿ ಸ್ಟೇರಿಂಗು ಇಲ್ಲದಿದ್ದರೂ ಗಾಡಿ ತಮ್ಮಿಂದಲೇ ಓಡುತ್ತದೆ ಎಂಬ ನಂಬಿಕೆ ಅವರಿಗೆ ಇನ್ನೂ ಹೋಗಿರಲಿಲ್ಲ.

ಚಕ್ರ ಬಂತು, ಮಡ್‌ಗಾರ್ಡು ಬಂತು. ಅಲ್ಲಿಯವರೆಗೆ ಎಲ್ಲ ಹೂ ಎತ್ತಿದ ಹಾಗಿತ್ತು. ಮುಂದೆ ಕೊಳವೆಯ ತಲೆಯ ಮೇಲಿನ ಮುಚ್ಚಳ ಬಿಚ್ಚಬೇಕು. ಅದರ ಕೆಳಗೆ ಮೊಳದುದ್ದದ ಸ್ಪ್ರಿಂಗು ಉಸಿರು ಬಿಗಿಹಿಡಿದು ಕೂತಿರುತ್ತದೆ.

“ನೀವು ಮೇಲಿಂದ ಒತ್ತಿ ಹಿಡ್ಕೊಳ್ಳಿ, ನಾನು ತಿರುಗಿಸ್ತೀನಿ. ಬಿಡಬಾರದು ಮತ್ತೆ,” ಎಂದ ಅವನು.

“ನಲವತ್ತು ಜನರ ಬಸ್ಸಲ್ಲಿ ನೂರಾಹತ್ತು ಜನರನ್ನ ಒತ್ತಿದವನು ನಾನು. ಒಂದು ಸ್ಪ್ರಿಂಗ್ ಒತ್ತಲಾರೆನಾ? ರೈಟ್!”

ಕೊನೆಯ ಸುತ್ತು ಬಾಕಿ ಇರುವಾಗ ಮೇಲಿನಿಂದ ಟೈಲರಕ್ಕ ಬಗ್ಗಿ, “ಕಂಡಕ್ಟ್ರೇ, ನಿಮ್ಮ ಪ್ಯಾಂಟಿಗೆ ಜೇಬು ಒಂದಾ ಎರಡಾ?” ಎಂದಳು. ಕಂಡಕ್ಟರು ಎರಡು ಎಂದು ತೋರಿಸಲು ಒಂದು ಕೈ ಎತ್ತಿದರು.

ಠಪ್! ಮುಚ್ಚಳ ಹಾರಿ ಬಾಲ್ಕನಿಯ ಹಲಗೆಗೆ ಕೆಳಗಿನಿಂದ ಬಡಿದು, ನೀರಿನ ಡ್ರಮ್ಮಿಗೆ ತಾಗಿ, ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಾಲ ಬಳಿ ಬಂದು ಗಿರಗಿರ ತಿರುಗಿ ಮಲಗಿತು. ಹಿಂದೆಯೇ ಸ್ಪ್ರಿಂಗು ಎಣ್ಣೆ ಚಿಮ್ಮಿಸುತ್ತ ಕಂಡಕ್ಟರ ಗಲ್ಲ ಸವರಿ ಹೋಯಿತು.

“ಏನ್ರೀ ಅದು! ನನ್ನ ಕಾಲ ಕೆಳಗೇ ಬಾಂಬ್ ಇಡ್ತೀರಾ?” ಎಂದು ಟೈಲರಕ್ಕ ಕಿರುಚಿದಳು.

“ಹೋಲ್ಡಾನ್,” ಎಂದರು ಕಂಡಕ್ಟರು, ಗಲ್ಲ ಮುಟ್ಟಿಕೊಂಡು.

ಆಮೇಲಿನದು ಕೆಳಗಿನ ಬೋಲ್ಟಿನ ಸರದಿ. ಅವನು ನೆಲದಲ್ಲಿ ಅಂಗಾತ ಮಲಗಿ ತಿರುಗಿಸಿದ, ತಿರುಗಿಸಿದ, ತಿರುಗಿಸುತ್ತಲೇ ಇದ್ದ. ಬೋಲ್ಟು ಸುತ್ತುತ್ತಿತ್ತೇ ಹೊರತು ಹೊರಗೆ ಬರುತ್ತಿರಲಿಲ್ಲ. ಅದು ಕಚ್ಚಿಕೊಂಡಿದ್ದ ಒಳಗಿನ ಸರಳು ತಾನೂ ಜೊತೆಗೆ ಸುತ್ತುತ್ತಿತ್ತು. ಕತ್ತಿನ ಮೇಲೆ ಏನೋ ತಣ್ಣಗೆ ತೊಟ್ಟಿಕ್ಕಿತು. ಬೆವರು ಅಂದುಕೊಂಡು ಒರೆಸಿಕೊಂಡ.

“ಒಳಗೆ ಏನಾದ್ರೂ ತುರುಕಿ ಆ ಸರಳನ್ನ ಬಿಗಿಯಾಗಿ ಹಿಡೀಬೇಕು. ಉದ್ದ ಕೋಲು ಬೇಕು,” ಎಂದ.

ಕಂಡಕ್ಟರ ಕಣ್ಣು ಬಾಗಿಲ ಸಂದಿಯತ್ತ ಹೋಯಿತು. ಅಲ್ಲಿ ಹೆಂಡತಿಯ ಹೊಸ ನೆಲ ಒರೆಸುವ ಕೋಲು ಒರಗಿ ನಿಂತಿತ್ತು. ಅವಳು ಒಲೆಯ ಕಡೆ ತಿರುಗಿದ್ದೇ ಸಾಕು, ಕೋಲಿನ ತಲೆ ಒಂದು ಕಡೆ, ಬುಡ ಒಂದು ಕಡೆ ಆಯಿತು. ಬುಡವನ್ನು ಕೊಳವೆಯೊಳಗೆ ಇಳಿಸಿ ಸುತ್ತಿಗೆಯಿಂದ ಎರಡು ಏಟು ಕೊಟ್ಟಾಗ ಒಳಗಿನ ಸರಳು ಗಪ್ಪೆಂದು ಹಿಡಿಯಿತು.

ಉಪಾಯ ಫಲಿಸಿತು ಎನ್ನುವುದೇ ಆಶ್ಚರ್ಯ. ಬೋಲ್ಟು ಸಡಿಲವಾಯಿತು, ಕೊನೆಗೆ ಕೈಗೂ ಬಂತು. ಅದರ ಹಿಂದೆಯೇ ಎಷ್ಟೋ ವರ್ಷದ ಎಣ್ಣೆ ಗಳಗಳನೆ ಇಳಿದು ಕೆಳಗಿಟ್ಟಿದ್ದ ಹಳೇ ಬಕೆಟ್ಟಿಗೆ ಬಿತ್ತು. ಮಸಿಯಂತೆ ಕಪ್ಪು. ಕೊಳೆತ ಮೀನಿನ ನಾತ.

“ಅಬ್ಬಬ್ಬಾ, ಇಷ್ಟು ಕಪ್ಪಾ!” ಎಂದು ಕಂಡಕ್ಟರು ಮೂಗು ಮುಚ್ಚಿಕೊಂಡರು.

“ಹಳೇ ಎಣ್ಣೆ ಕಪ್ಪಾಗಿರುತ್ತೆ,” ಎಂದು ಅವನು ತಿಳಿದವನಂತೆ ಹೇಳಿದ. ಬೆಳಿಗ್ಗೆ ತಾನೇ ಬೆರಳಲ್ಲಿ ಹಿಡಿದು ನೋಡಿದ್ದ ತಿಳಿ ಎಣ್ಣೆ ಆ ಗಳಿಗೆಯಲ್ಲಿ ನೆನಪಾಗಬಾರದೇ? ಆಗಲಿಲ್ಲ. ಊರವರ ಕಣ್ಣು ಪರೀಕ್ಷೆ ಮಾಡುವವನಿಗೆ ತನ್ನ ಕಣ್ಣ ಮುಂದಿನದು ಕಾಣಲಿಲ್ಲ.

ಬಲಗಾಲಿಗೆ ಬಕೆಟ್ಟು ಸರಿಸುವಷ್ಟರಲ್ಲಿ ಬೋಲ್ಟು ಬಂದೇಬಿಟ್ಟಿತು. ಎಣ್ಣೆ ಬಕೆಟ್ಟನ್ನು ಬಿಟ್ಟು ಅವನ ತೋಳಿನೊಳಗೆ ನುಗ್ಗಿ ಎದೆಯ ಮೇಲೆಲ್ಲ ಹರಿಯಿತು. ಬೋಲ್ಟಿನ ಹಳೆಯ ವಾಷರ್ರು ಕಪ್ಪು ಎಣ್ಣೆಯ ಬಕೆಟ್ಟಿಗೆ ಬಿದ್ದು ಮುಳುಗಿತು. ಹೋಗಲಿ ಬಿಡು, ಹೊಸದು ಜೇಬಲ್ಲೇ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡ. ಎಡಗಾಲಿನದು ಬೋಲ್ಟಿಗೆ ಅಂಟಿಕೊಂಡೇ ಇತ್ತು.

ಅಷ್ಟರಲ್ಲಿ ಹೆಂಡತಿ ಹೊರಗೆ ಬಂದಳು. ಮೊದಲು ಗಂಡನನ್ನು ನೋಡಿದಳು. ಆಮೇಲೆ ಕೊಳವೆಯೊಳಗಿನಿಂದ ಕತ್ತು ಚಾಚಿದ್ದ ಕೋಲನ್ನು ನೋಡಿದಳು.

“ಅದು ನನ್ನ ಮಾಪಿನ ಕೋಲಲ್ವೇನ್ರೀ?”

“ವಾಪಸ್ ಕೊಡ್ತೀನಿ ಕಣೇ.”

“ಹೇಗೆ, ಎರಡು ತುಂಡಲ್ಲಾ? ಆ ಅಂಗಿಯಲ್ಲಿ ಮನೆಯೊಳಗೆ ಕಾಲಿಟ್ಟೀರಿ ಜೋಕೆ! ತೆಗೀರಿ, ತೆಗೀರಿ, ಇಲ್ಲೇ ತೆಗೀರಿ!”

ಅಂಗಳದ ನಡುವೆಯೇ ಅವನ ಅಂಗಿ ಕಳಚಿ ಸೋಪಿನ ನೀರಿಗೆ ಹೋಯಿತು. ಒಳಗಿನಿಂದ ಇನ್ನೊಂದು ಅಂಗಿ ಹಾರಿ ಬಂತು. ಬಾಲ್ಕನಿಯಲ್ಲಿ ಟೈಲರಕ್ಕ ಹೊಲಿಗೆ ನಿಲ್ಲಿಸಿ, “ಪರವಾಗಿಲ್ಲ ಬಿಡಿ, ನಾನು ಈ ಕಡೆ ನೋಡ್ತಿಲ್ಲ,” ಎಂದು ನೋಡುತ್ತಲೇ ಹೇಳಿದಳು.

ಕೊಳವೆಯನ್ನೂ ಕೆಳಗಿನ ಕಾಲನ್ನೂ ಬೇರ್ಪಡಿಸುವುದು ಮುಂದಿನ ಕೆಲಸ. ಹಳೆಯ ಸೀಲು ಅವೆರಡನ್ನೂ ಹಿಡಿದುಕೊಂಡಿತ್ತು. ಒಂದು ತುದಿ ಇವನು, ಇನ್ನೊಂದು ತುದಿ ಕಂಡಕ್ಟರು. ಹಗ್ಗಜಗ್ಗಾಟ. “ರೈಟ್! ರೈಟ್! ಇನ್ನೂ ರೈಟ್!” ಎನ್ನುತ್ತಿದ್ದಂತೆ ಫಟ್ಟೆಂದು ಬಿಟ್ಟುಕೊಂಡಿತು. ಇವನು ಈ ಕಡೆ ಕುಕ್ಕರಿಸಿದ. ಕಂಡಕ್ಟರು ಹಿಂದಕ್ಕೆ ಓಡಿ, ಮೋಟುಗೋಡೆಗೆ ತಗುಲಿ, ಒಣಗುತ್ತಿದ್ದ ಬಿಳಿ ಹಾಸಿಗೆ ಬಟ್ಟೆಯ ಮೇಲೆ ಕೂತುಬಿಟ್ಟರು. ಎದ್ದಾಗ ಅಲ್ಲಿ ಅವರ ಕೂತ ಆಕಾರ ಕಪ್ಪಗೆ, ಅಂಚು ಸಮೇತ, ಅಚ್ಚಾಗಿ ಬಿದ್ದಿತ್ತು. ಹೆಂಡತಿ ಅದನ್ನು ಕಂಡು ಬಾಯಿ ತೆರೆದಳು, ಮುಚ್ಚಿದಳು, ಒಳಗೆ ಹೋಗಿ ಕದ ಹಾಕಿಕೊಂಡಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಬಲಗಾಲಿನದೂ ಹೀಗೇ ಆಯಿತು. ಈ ಸಲ ಹಾಸಿಗೆ ಬಟ್ಟೆಯ ಮೇಲೆ ಕೂತವನು ಮಾತ್ರ ಅವನೇ.

ಸೀಲು ಕೂರಿಸುವ ಹೊತ್ತಿಗೆ ಅವನು ತನ್ನ ವಿದ್ಯೆಗೆ ಮರಳಿದ. ಅಂಗಡಿಯ ಭೂತಗನ್ನಡಿಯನ್ನು ಒಂದು ಕಣ್ಣಿಗೆ ಸಿಕ್ಕಿಸಿಕೊಂಡು ಹಳೆಯ ಎಡ ಸೀಲನ್ನು ತಿರುಗಿಸಿ ತಿರುಗಿಸಿ ನೋಡಿದ. ಅಂಚು ನುಣ್ಣಗಿತ್ತು. ಬಿರುಕಿಲ್ಲ, ಹರುಕಿಲ್ಲ.

“ಎಲ್ಲಿ ಹೋಗಿದೆ?” ಎಂದರು ಕಂಡಕ್ಟರು.

“ಕಣ್ಣಿಗೆ ಕಾಣದ ಹಾಗೆ ಹೋಗಿದೆ,” ಎಂದ ಅವನು. “ಅಂಥದ್ದೇ ಜಾಸ್ತಿ ಸೋರೋದು.”

ಹೊಸ ಸೀಲಿನ ಅಂಚು ಗೀಚದಿರಲೆಂದು ಕೊಳವೆಯ ತುದಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಎಣ್ಣೆ ಸವರಿ, ಮೆಲ್ಲಗೆ ಇಳಿಸಿ, ಪೈಪಿನ ತುಂಡೊಂದನ್ನು ಮೇಲಿಟ್ಟು ಸುತ್ತಲೂ ಸಮನಾಗಿ ತಟ್ಟಿದ. ಸೀಲು ತನ್ನ ಜಾಗದಲ್ಲಿ ಕೂತ ಸದ್ದು ಕೇಳಿದಾಗ ಅವನಿಗೆ ನಿಜವಾಗಿಯೂ ಸುಖವಾಯಿತು. ಆ ದಿನದಲ್ಲಿ ಅವನು ಸರಿಯಾಗಿ ಮಾಡಿದ್ದು ಅದೊಂದೇ. ಬೋಲ್ಟುಗಳನ್ನೂ ಹಾಕಿ ಬಿಗಿದ.

ಇನ್ನು ಹೊಸ ಎಣ್ಣೆ. ಎರಡು ಕಾಲಿಗೂ ಅಳತೆ ಮಾಡಿ ಸಮನಾಗಿ ಹಾಕಬೇಕು. ಅಡುಗೆಮನೆಯ ಅಳತೆ ಪಾತ್ರೆ ಕೇಳುವ ಧೈರ್ಯ ಅವನಿಗಿರಲಿಲ್ಲ. ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆಯತೊಡಗಿದ. ಕಾಲಿಗೆ ಹದಿನೇಳು ಮುಚ್ಚಳ. ಎಡಗಾಲು ಸುಸೂತ್ರವಾಗಿ ತುಂಬಿತು. ಬಲಗಾಲಿನಲ್ಲಿ ಒಂಬತ್ತು ಆಗಿತ್ತು, ಹತ್ತು ಆಗಿತ್ತು.

“ಕಂಡಕ್ಟ್ರೇ, ಸೊಂಟ ಮೂವತ್ತೆಂಟಾ ನಲವತ್ತಾ?” ಎಂದಳು ಮೇಲಿನಿಂದ ಟೈಲರಕ್ಕ.

“ಮೂವತ್ತೆಂಟೇ ಇಟ್ಬಿಡಮ್ಮ, ಕರಗಿಸ್ತೀನಿ.”

“ಹೋದ ಸಲವೂ ಹಾಗೇ ಅಂದ್ರಿ, ಆಮೇಲೆ ನಲವತ್ತೆರಡಕ್ಕೆ ಬಿಚ್ಚಿಸಿದ್ರಿ.”

“ಸುಮ್ನಿರ್ತೀರಾ ಸ್ವಲ್ಪ!” ಎಂದು ಅವನು ಕೂಗಿದ. “ಎಷ್ಟಾಯ್ತು ಈಗ?”

“ನಲವತ್ತೆರಡು,” ಎಂದರು ಕಂಡಕ್ಟರು.

ಹತ್ತೋ ಹದಿಮೂರೋ ದೇವರಿಗೇ ಗೊತ್ತು. ಒಂದು ಅಂದಾಜು ಹಿಡಿದು ಇನ್ನಷ್ಟು ಸುರಿದು ಮುಚ್ಚಳ ಹಾಕಿದ. ಈ ಸಲ ಸ್ಪ್ರಿಂಗನ್ನು ಒತ್ತಿ ಹಿಡಿಯಲು ತಾನೇ ಕೂತು, ತಿರುಗಿಸುವ ಕೆಲಸವನ್ನು ಕಂಡಕ್ಟರಿಗೆ ಬಿಟ್ಟ.

ಬಿಸಿಲು ಇಳಿಯುವ ಹೊತ್ತಿಗೆ ಬೈಕು ತನ್ನ ಎರಡು ಚಕ್ರಗಳ ಮೇಲೆ ನಿಂತಿತು. ಅವನು ಬಟ್ಟೆ ತೆಗೆದುಕೊಂಡು ಎರಡು ಕಾಲುಗಳನ್ನೂ ಲೆನ್ಸ್ ಒರೆಸುವ ಹಾಗೆ ಒರೆಸಿದ. ಎಡಗಾಲು ಒಣ, ಬಲಗಾಲು ಒಣ. ಮೈಕೈ ತೊಳೆದು ಶುಭ್ರವಾಗಿ ಬಂದು ಮತ್ತೊಮ್ಮೆ ಬಗ್ಗಿ ನೋಡಿದ. ಆಗಲೂ ಒಣ. ಕಂಡಕ್ಟರನ್ನು ಕೈಮುಗಿದು ಕಳಿಸಿದ.

“ನಿಮ್ಮ ನಾಟಕ ನೋಡ್ತಾ ಕೂತು ನನ್ನ ಕೆಲಸವೆಲ್ಲ ಹಾಳಾಯ್ತು,” ಎಂದು ಟೈಲರಕ್ಕ ಮೇಲೆ ಗೊಣಗಿದಳು. “ಈ ಮಿಷಿನ್ನು ಬೇರೆ. ಎಷ್ಟು ಎಣ್ಣೆ ಹಾಕಿದ್ರೂ ಕುಡಿದುಬಿಡುತ್ತೆ, ಮತ್ತೆ ಕಿರ್ರೋ ಅನ್ನುತ್ತೆ.” ಎಣ್ಣೆ ಡಬ್ಬಿಯ ಟಿಕ್ ಟಿಕ್ ಸದ್ದಾಯಿತು. ಆಮೇಲೆ ಯಂತ್ರದ ಕಟಕಟ ಶುರುವಾಯಿತು.

ಮಾವ ಬಂದಾಗ ಅವನು ಅಂಗಳದಲ್ಲೇ ಕುರ್ಚಿ ಹಾಕಿಸಿದ. ಬೈಕು ಚೆನ್ನಾಗಿ ಕಾಣುವ ಹಾಗೆ, ತೀರ ಹತ್ತಿರವೂ ಆಗದ ಹಾಗೆ. ಹೆಂಡತಿ ಅಪ್ಪನಿಗೆ ಚಹಾ ತಂದುಕೊಟ್ಟು ಕಂಬಕ್ಕೆ ಒರಗಿ ನಿಂತಳು. ಮಾವ ಲೋಟ ಖಾಲಿ ಮಾಡಿ ಕೆಳಗಿಟ್ಟರು.

“ದೊಡ್ಡಳಿಯಂದ್ರಿಗೆ ಬೈಕು ಕೊಡಲ್ಲ ಅಂತ ಹೇಳಿಬಿಟ್ಟೆ,” ಎಂದರು ಮಾವ.

ಅವನ ಕಿವಿಯನ್ನು ಅವನೇ ನಂಬಲಿಲ್ಲ.

“ಒಳ್ಳೆಯವರೇ, ಇಲ್ಲ ಅನ್ನಲ್ಲ. ಆದ್ರೆ ಅವರ ಕೈ ಸುಮ್ನಿರಲ್ಲ ಅಳಿಯಂದ್ರೇ. ನಮ್ಮ ಗೋಡೆ ಗಡಿಯಾರ ಕೆಟ್ಟಿತ್ತು, ನಾನೇ ರಿಪೇರಿ ಮಾಡ್ತೀನಿ ಅಂತ ಬಿಚ್ಚಿದ್ರು. ಇವತ್ತಿಗೂ ಅದು ಹನ್ನೆರಡೂವರೆಗೇ ನಿಂತಿದೆ. ರೇಡಿಯೋ ಕೆಟ್ಟಿತು, ಬಿಚ್ಚಿದ್ರು. ಈಗ ಅದು ರೊಟ್ಟಿ ಡಬ್ಬಿ. ಸ್ಪಾನರ್ ಕಂಡ್ರೆ ಅವರಿಗೆ ಕೈ ಕಡಿಯುತ್ತೆ. ನೀವು ಹಾಗಲ್ಲ. ಓಡಿಸ್ತೀರಿ, ಒರೆಸ್ತೀರಿ, ಸುಮ್ನಿರ್ತೀರಿ. ಆ ಫೋರ್ಕು ನೋಡಿ, ನಾನು ತಂದ ದಿನದಿಂದ ಇವತ್ತಿನವರೆಗೆ ಯಾರೂ ಬಿಚ್ಚಿಲ್ಲ, ಒಂದು ಹನಿ ಸೋರಿಲ್ಲ. ಕೈ ಹಾಕದೇ ಇರೋನು ಸಿಗೋದು ಕಷ್ಟ. ಇವತ್ತಿಂದ ಬೈಕು ನಿಮ್ಮದೇ, ಇಟ್ಕೊಳ್ಳಿ.”

 ಅವನು ಹೆಂಡತಿಯ ಕಡೆ ನೋಡಿದ. ಅವಳು ಮೂಲೆಯಲ್ಲಿ ಎರಡು ತುಂಡಾಗಿ ಬಿದ್ದಿದ್ದ ಮಾಪನ್ನು ಸೀರಿಯಸ್ಸಾಗಿ ದಿಟ್ಟಿಸುತ್ತಿದ್ದಳು. ಸುಮ್ಮನಿದ್ದರೆ ಸಾಕು, ಎಲ್ಲ ಸರಿಹೋಗುತ್ತದೆ. ಅವನು ಸುಮ್ಮನಿದ್ದ. ಆದರೆ ಮೋಟುಗೋಡೆ ಸುಮ್ಮನಿರಬೇಕಲ್ಲ.

“ನಮಸ್ಕಾರ ಯಜಮಾನ್ರೇ!” ಎಂದು ಕಂಡಕ್ಟರ ತಲೆ ಎದ್ದಿತು. “ಬೈಕು ಹೇಗಾಗಿದೆ ನೋಡಿದ್ರಾ? ಬೆಳಿಗ್ಗೆಯಿಂದ ನಾವಿಬ್ರೂ ಸೇರಿ ಆ ಫೋರ್ಕನ್ನ ಪೀಸ್ ಪೀಸ್ ಮಾಡಿ ಹಾಕಿದ್ವಿ! ಇಲ್ನೋಡಿ, ಸ್ಪ್ರಿಂಗು ನನ್ನ ಗಲ್ಲ ಹೇಗೆ ಕೆತ್ತಿದೆ. ಆದ್ರೂ ಬಿಡ್ಲಿಲ್ಲ ನಾವು.”

ಮಾವ ಗಲ್ಲ ನೋಡಿದರು. ಆಮೇಲೆ ಅಳಿಯನನ್ನು ನೋಡಿದರು.

“ಬಿಚ್ಚಿದ್ರಾ?”

“ಸೋರ್ತಿತ್ತು ಮಾವ,” ಎಂದು ಅವನು ತೊದಲಿದ. “ಎಡಗಾಲು. ಮೂರು ದಿನದಿಂದ ಸೋರ್ತಿತ್ತು. ನೀವು ಬರೋ ಹೊತ್ತಿಗೆ ಸರಿ ಮಾಡೋಣ ಅಂತ. ಈಗ ನೋಡಿ, ಒಂದು ಹನಿ ಇಲ್ಲ, ಒಣಗಿದ ಹಾಗಿದೆ.”

ಮಾವ ಮೊಣಕಾಲು ಹಿಡಿದುಕೊಂಡು ಎದ್ದು, ಬೈಕಿನ ಬಳಿ ಹೋಗಿ ಬಗ್ಗಿದರು. ಅವನೂ ಬಗ್ಗಿದ. ಎಡಗಾಲಿನ ಹೊಳೆಯುವ ಕೊಳವೆಯ ಸುತ್ತ ಎಣ್ಣೆಯ ಒಂದು ಉಂಗುರ. ಉಂಗುರದಿಂದ ಒಂದು ಗೆರೆ. ಗೆರೆಯ ತುದಿಯಲ್ಲಿ ಒಂದು ತೊಟ್ಟು.

ಇಡೀ ದಿನ ಹಲ್ಲು ಕಚ್ಚಿ ಹಿಡಿದಿದ್ದದ್ದು ಅವನ ಬಾಯಿಂದ ಹೊರಬಿತ್ತು. “ಹೊಸ ಸೀಲು ಮಾವ! ಹೊಸ ಸೀಲು! ನಾನೇ ಕೂರಿಸಿದ್ದು! ಭೂತಗನ್ನಡಿ ಇಟ್ಟು ಕೂರಿಸಿದ್ದು! ಈ ಮುಂಡೇದಕ್ಕೆ ಇನ್ನೇನು ಮಾಡಲಿ?”

ಮಾವ ತೊಟ್ಟನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿದರು, ಮೂಸಿದರು. “ಒಳಗಿಂದ ಬಂದ ಹಳೇ ಎಣ್ಣೆ ಯಾವ ಬಣ್ಣ ಇತ್ತು?”

“ಕಪ್ಪು. ಮಸಿ ಹಾಗೆ.”

“ಮೂರು ದಿನದಿಂದ ಸೋರ್ತಿದ್ದದ್ದು?”

“ನೀರಿನಷ್ಟು ತಿಳಿ…” ಎಂದು ಅವನು ಬೆಳಿಗ್ಗೆ ಎಣ್ಣೆ ಮುಟ್ಟಿದ್ದ ಬೆರಳನ್ನೇ ನೋಡಿಕೊಂಡ. 

ಅಷ್ಟರಲ್ಲಿ ಮಾವನ ಕನ್ನಡಕದ ಗಾಜಿನ ಮೇಲೆ ತೊಟ್ಟೊಂದು ಬಂದು ಬಿತ್ತು. ಅವನೇ ಮಾಡಿಕೊಟ್ಟ ಕನ್ನಡಕ. ಮಾವ ಅದನ್ನು ತೆಗೆದು ಹಿಡಿದುಕೊಂಡು ನಿಧಾನವಾಗಿ ತಲೆ ಎತ್ತಿದರು. ಅವನೂ ಎತ್ತಿದ. ಹೆಂಡತಿಯೂ ಎತ್ತಿದಳು. ಗೋಡೆಯಾಚೆ ಕಂಡಕ್ಟರೂ ಎತ್ತಿದರು. ಬಾಲ್ಕನಿಯ ಎರಡು ಹಲಗೆಗಳ ಸಂದಿಯಲ್ಲಿ ಇನ್ನೊಂದು ತೊಟ್ಟು ಮೂಡಿ, ಉಬ್ಬಿ, ಬೈಕಿನ ಎಡ ಕೊಳವೆಯ ಮುಚ್ಚಳದ ಮೇಲೆ ಸರಿಯಾಗಿ ಬಿದ್ದು, ಕೊಳವೆಯನ್ನು ಹಿಡಿದುಕೊಂಡು ಕೆಳಗಿಳಿಯಿತು. ಸಂದಿಯ ಮೇಲೆ ಹೊಲಿಗೆ ಯಂತ್ರ ಕಟಕಟ ಎನ್ನುತ್ತಿತ್ತು.

“ಯಾರಮ್ಮ ಮೇಲೆ? ಮಿಷಿನ್ನಿಗೆ ಎಣ್ಣೆ ಹಾಕಿದ್ಯಾ?” ಎಂದು ಮಾವ ಕೂಗಿದರು.

“ಹೂಂ ಯಜಮಾನ್ರೇ, ಈಗ ತಾನೇ ಹಾಕಿದೆ. ಎಷ್ಟು ಹಾಕಿದ್ರೂ ಎಲ್ಲಿಗೆ ಹೋಗುತ್ತೋ ಏನೋ!”

 ಮಾವ ಕನ್ನಡಕ ಒರೆಸಿ ಹಾಕಿಕೊಂಡು ಬೈಕು ಹತ್ತಿ, ಬೀದಿಯ ಕೊನೆಯವರೆಗೆ ಒಂದು ಸುತ್ತು ಹೋಗಿ ಬಂದರು. ಬ್ರೇಕು ಹಿಡಿದಾಗ ಬೈಕಿನ ಮೂತಿ ಒಂದು ಪಕ್ಕಕ್ಕೆ ಬಾಗಿ, ಒಳಗೆಲ್ಲೋ ಟಕ್ಕೆಂದಿತು. ಆ ಟಕ್ಕು ಅವನ ಎದೆಯಲ್ಲೂ ಕೇಳಿಸಿತು.

“ಮಾವ, ಎಣ್ಣೆ ಅಳತೆ ಸ್ವಲ್ಪ ಹೆಚ್ಚುಕಡಿಮೆ ಆಗಿದೆ ಅಷ್ಟೇ, ಗುರುವಾರ ಮೆಕ್ಯಾನಿಕ್ ಹತ್ರ…”

“ಅಳಿಯಂದ್ರೇ,” ಎಂದರು ಮಾವ. ಸಿಟ್ಟಿರಲಿಲ್ಲ, ಅದೇ ಇನ್ನೂ ಕಷ್ಟವಾಗಿತ್ತು. “ದೊಡ್ಡಳಿಯಂದ್ರನ್ನ ಸುಮ್ಸುಮ್ನೆ ಬೈದುಬಿಟ್ಟೆ ನಾನು. ಗಡಿಯಾರ ಬಿಚ್ಚಿದ್ರು ನಿಜ. ಆದ್ರೆ ಕೆಟ್ಟ ಮೇಲೆ ಬಿಚ್ಚಿದ್ರು. ನೀವು ಕೆಡದೇ ಇದ್ದದ್ದನ್ನ ಬಿಚ್ಚಿದ್ರಿ.”

ಅಷ್ಟು ಹೇಳಿ, ಮಗಳ ತಲೆ ನೇವರಿಸಿ, ಬೈಕಿನಲ್ಲೇ ಹೊರಟರು. ಷಡ್ಡಕನ ಮನೆಯ ದಿಕ್ಕಿಗೆ. ಗುಡುಗುಡು ಸದ್ದಿಗೆ ಅಂಗಡಿಗಳ ಮುಂದಿನ ಮುದುಕರೆಲ್ಲ ಕತ್ತೆತ್ತಿ ನೋಡಿದರು. ಅವನೂ ಅವರ ಹಾಗೇ ಬೀದಿಯಲ್ಲಿ ನಿಂತು ನೋಡಿದ.

ಸದ್ದು ಮರೆಯಾದ ಮೇಲೆ ತಲೆ ತಗ್ಗಿಸಿದಾಗ ರಸ್ತೆಯ ಮೇಲೆ ಏನೋ ಮಿನುಗಿತು. ಒಂದು ಹನಿ. ಎರಡು ಮಾರು ಆಚೆಗೆ ಇನ್ನೊಂದು. ಅದರಾಚೆಗೆ ಮತ್ತೊಂದು. ಮಾವ ಹೋದ ದಾರಿಯುದ್ದಕ್ಕೂ, ಬಲಗಾಲು ಹೋದ ಕಡೆಗೇ, ಹನಿಗಳ ಸಾಲು ಹೊರಟಿತ್ತು. ಈ ಸಲ ಬಾಲ್ಕನಿ ಇರಲಿಲ್ಲ. ಮೇಲೆ ಬರೀ ಆಕಾಶ.

“ರೀ,” ಎಂದಳು ಹಿಂದಿನಿಂದ ಹೆಂಡತಿ. ಸೋಪಿನ ನೀರಿನಿಂದ ಎತ್ತಿದ ಅವನ ಅಂಗಿ ಒಂದು ಕೈಯಲ್ಲಿ, ಇನ್ನೊಂದು ಅಂಗೈಯಲ್ಲಿ ತಾಮ್ರದ ಎರಡು ಪುಟ್ಟ ಬಳೆಗಳಂಥವು ಫಳಫಳ ಹೊಳೆಯುತ್ತಿದ್ದವು. “ನಿಮ್ಮ ಜೇಬಲ್ಲಿತ್ತು. ಏನಿದು, ಬೇಕಾಗಿದ್ದದ್ದಾ?”

ಅವನು ಆ ವಾಷರ್ ಎರಡನ್ನೂ ನೋಡಿದ. ಬಂದು ಮಾವ ಕೂತಿದ್ದ ಕುರ್ಚಿಯಲ್ಲಿ ಕೂತ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ ಇರಬೇಕು ಅನ್ನಿಸಿತು. ಬೈಕಿಲ್ಲದ ಖಾಲಿ ಹಾಸುಗಲ್ಲಿನ ಮೇಲೆ ತೊಟ್ಟೊಂದು ಬಂದು ಬಿತ್ತು.

ಮೇಲಿನಿಂದ ಟೈಲರಕ್ಕ ಬಗ್ಗಿದಳು. ಅವಳ ದನಿಯಲ್ಲಿ ಗೌರವವಿತ್ತು.

“ಕನ್ನಡಕದವ್ರೇ, ಸ್ಪಾನರು ಇನ್ನೂ ಒಳಗಿಟ್ಟಿಲ್ಲ ಅಲ್ವಾ? ಹೇಗೂ ಬಿಚ್ಚಿ ಕೈ ಪಳಗಿದೆ. ಹಾಗೇ ಮೇಲೆ ಬಂದು ನನ್ನ ಮಿಷಿನ್ನೂ ಒಂದು ಕೈ ನೋಡಿಬಿಡಿ, ಎಲ್ಲೋ ಸೋರ್ತಾ ಇದೆಯಂತೆ.”

ಗೋಡೆಯಾಚೆಯಿಂದ ಕಂಡಕ್ಟರ ತಲೆ ಎದ್ದಿತು.

“ಒಬ್ರೇ ಹೋಗ್ಬೇಡಿ, ಬಂದೆ ಇರಿ. ರೈಟ್!”